ನಲವತ್ತು ಜನ ಒಪ್ಪಿದ ಬದಲಾವಣೆಗೆ ಒಬ್ಬ ಮೇಂಟೇನರ್ ಬೇಡ ಅಂದರೆ ಯಾರ ಮಾತು ನಡೆಯುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಧಾರವಾಡದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೀರಿ. ಕನ್ನಡದಲ್ಲಿ ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿದರೆ ಒತ್ತಕ್ಷರ ಸಮೇತ ಇಡೀ ಅಕ್ಷರ ಅಳಿಯಬೇಕು ಎಂದು ಒಂದು ಓಪನ್ ಸೋರ್ಸ್ ಎಡಿಟರ್‌ಗೆ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದಿರಿ. ಕಾಲೇಜಿನ ಗೆಳೆಯರೂ ಸೇರಿ ನಲವತ್ತು ಜನ ಹೆಬ್ಬೆರಳು ಎತ್ತಿದರು. ಯಾವ ಬದಲಾವಣೆ ಸೇರಬೇಕೆಂದು ನೋಡಿಕೊಳ್ಳುವ ಒಬ್ಬ ಮೇಂಟೇನರ್ ಮಾತ್ರ "ಡಿಫಾಲ್ಟ್ ಆಗಿ ಇದು ಬೇಡ" ಎಂದು ಒಂದು ಸಾಲು ಬರೆದು ಸುಮ್ಮನಾಗಿ ಮೂರು ವಾರವಾಯಿತು. "ಇದ್ಯಾವ ನ್ಯಾಯ ರೀ, ಓಪನ್ ಅಂದ್ರ ಎಲ್ಲಾರದೂ ಅಲ್ಲೇನು?" ಅಂತ ಕೇಳಿದ್ದೀರಿ.

ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಅನ್ನುವಲ್ಲಿಗೆ ಆ "ಓಪನ್" ಮುಗಿಯುತ್ತದೆ. ಮುಖ್ಯ ಬ್ರಾಂಚಿಗೆ (ಎಲ್ಲರಿಗೂ ಹೋಗುವ ಮೂಲ ಪ್ರತಿಗೆ) ಏನು ಸೇರಬೇಕು ಅನ್ನುವುದನ್ನು ಲೈಸೆನ್ಸ್ ಹೇಳುವುದಿಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ಸೀಮೆ ನಮ್ಮದು. ಸದಸ್ಯನಿಗೊಂದು ಮತ, ಕೈ ಎತ್ತಿದರೆ ಠರಾವು ಪಾಸು ಅನ್ನುವುದು ನಮಗೆ ರೂಢಿ. ಆದರೆ ಸಂಘದಲ್ಲಿ ಕೈ ಎತ್ತುವವನ ಶೇರು ಹಣ ಒಳಗಿರುತ್ತದೆ, ಸಾಲ ಮುಳುಗಿದರೆ ಅವನದೂ ಮುಳುಗುತ್ತದೆ. ಹೆಬ್ಬೆರಳು ಒತ್ತಿದ ನಿಮ್ಮ ನಲವತ್ತು ಜನರಲ್ಲಿ ಮುಂದಿನ ವರ್ಷ ಆ ಕೋಡಿನಲ್ಲಿ ಬಗ್ ಬಂದಾಗ ಕೂತು ಸರಿಮಾಡುವವರು ಎಷ್ಟು ಮಂದಿ? ಮೇಂಟೇನರ್ ಮನಸ್ಸಿನಲ್ಲಿರುವ ಲೆಕ್ಕ ಅದೇ. ಹೆಬ್ಬೆರಳಿನಿಂದ "ಈ ತೊಂದರೆ ಹಲವರಿಗಿದೆ" ಎಂದಷ್ಟೇ ಗೊತ್ತಾಗುತ್ತದೆ. ನೀವು ಕೊಟ್ಟ ಪರಿಹಾರ ಸರಿಯೇ ಅನ್ನುವುದು ಅದರಿಂದ ತಿಳಿಯುವುದಿಲ್ಲ.

ಎಲ್ಲ ಕಡೆ ಒಂದೇ ಪದ್ಧತಿ ಇಲ್ಲ, ಅದಕ್ಕೇ ಮೊದಲು ನಿಮ್ಮ ಪ್ರಾಜೆಕ್ಟಿನ ಕಾಂಟ್ರಿಬ್ಯೂಟಿಂಗ್ ಮತ್ತು ಗವರ್ನೆನ್ಸ್ ಫೈಲ್ (ಕೊಡುಗೆಯ, ತೀರ್ಮಾನದ ನಿಯಮ ಬರೆದಿಟ್ಟವು) ಓದಿ. ಅಪಾಚೆ ಎಂಬ ಸಂಸ್ಥೆಯ ಓಪನ್ ಸೋರ್ಸ್ ಪ್ರಾಜೆಕ್ಟುಗಳಲ್ಲಿ +1 (ಒಪ್ಪಿಗೆ), 0 (ತಟಸ್ಥ), -1 (ವಿರೋಧ) ಎಂದು ಮತ ಹಾಕುತ್ತಾರೆ. ಕೋಡ್ ಬದಲಾವಣೆಗೆ ಮತದ ಹಕ್ಕಿರುವ ಒಬ್ಬರೇ ಒಬ್ಬರು -1 ಹಾಕಿದರೂ ಅದು ವೀಟೋ. ಆದರೆ ಜೊತೆಗೆ ತಾಂತ್ರಿಕ ಕಾರಣ ಕೊಡಲೇಬೇಕು, ಕಾರಣ ಇಲ್ಲದ -1ಕ್ಕೆ ಬೆಲೆ ಇಲ್ಲ. ಕಾರಣ ಕೊಟ್ಟಮೇಲೆ ಬಹುಮತದಿಂದ ಅದನ್ನು ತಳ್ಳಿಹಾಕಲು ಬರುವುದಿಲ್ಲ, ಹಾಕಿದವರೇ ಹಿಂತೆಗೆಯಬೇಕು. ಅದೇ ಹೊಸ ಆವೃತ್ತಿ ಬಿಡುಗಡೆಗೆ ವೀಟೋ ನಡೆಯುವುದಿಲ್ಲ: ಕನಿಷ್ಠ ಮೂರು +1, ಮತ್ತು -1ಗಿಂತ +1 ಹೆಚ್ಚಿದ್ದರೆ ಸಾಕು. ಸಣ್ಣಪುಟ್ಟ ವಿಷಯಕ್ಕೆ "ಹೀಗೆ ಮಾಡುತ್ತಿದ್ದೇನೆ" ಎಂದು ತಿಳಿಸಿ ಸಾಮಾನ್ಯವಾಗಿ 72 ಗಂಟೆ ಕಾಯುತ್ತಾರೆ. ಯಾರೂ ಎದುರು ಹೇಳದಿದ್ದರೆ ಒಪ್ಪಿಗೆ ಎಂದೇ ಅರ್ಥ.

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ನಲ್ಲಿ ಮೌನಕ್ಕೆ ಈ ಅರ್ಥ ಇಲ್ಲವೇ ಇಲ್ಲ. ಅಲ್ಲಿ ಮತದಾನವೂ ಇಲ್ಲ. ಪ್ಯಾಚ್ (ಕೋಡಿನ ತಿದ್ದುಪಡಿ) ಇ-ಮೇಲ್‌ನಲ್ಲಿ ಆಯಾ ವಿಭಾಗದ ಮೇಂಟೇನರ್‌ಗೆ ಹೋಗುತ್ತದೆ, ಅವರು ತಮ್ಮ ಬ್ರಾಂಚಿಗೆ ತಗೊಂಡರೆ ಹಂತ ಹಂತವಾಗಿ ಮೇಲೇರಿ ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಬಳಿ ಸೇರುತ್ತದೆ. ಮೊದಲೇ ಒಪ್ಪಿಟ್ಟ ಪ್ಯಾಚುಗಳನ್ನು ಸೇರಿಸುವ ಎರಡು ವಾರದ ಮರ್ಜ್ ವಿಂಡೋ, ಆಮೇಲೆ ವಾರಕ್ಕೊಂದರಂತೆ ಏಳೆಂಟು ಪರೀಕ್ಷಾ ಆವೃತ್ತಿ, ಒಟ್ಟು ಒಂಬತ್ತು-ಹತ್ತು ವಾರಕ್ಕೆ ಒಂದು ಬಿಡುಗಡೆ. ಮರ್ಜ್ ವಿಂಡೋ ನಡೆಯುವಾಗ ಹೊಸ ಪ್ಯಾಚ್ ಕಳಿಸಿ "ಯಾರೂ ನೋಡ್ತಿಲ್ಲ" ಎಂದು ಬೇಸರ ಮಾಡಿಕೊಳ್ಳುವವರು ಬಹಳ. ಸುಗ್ಗಿಯ ದಿನ ರೈತನ ಮನೆಗೆ ಹೊಲ ಅಳೆಯಲು ಹೋದಂಗ ಅದು.

ಉಳಿದವು ಬೇರೆ ಬೇರೆ ಥರ. ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ದೊಡ್ಡ ಬದಲಾವಣೆಗೆ ಪೆಪ್ ಎಂಬ ಪ್ರಸ್ತಾವ ಪತ್ರ ಬರೆಯಬೇಕು. 2018ರಲ್ಲಿ ಪೆಪ್ 572ರ ಜಗಳದ ಬೆನ್ನಿಗೇ ಆ ಭಾಷೆಯ ಸೃಷ್ಟಿಕರ್ತ ಗಿಡೋ ವಾನ್ ರೋಸಮ್ ಅಂತಿಮ ತೀರ್ಪುಗಾರನ ಸ್ಥಾನ ಬಿಟ್ಟರು, 2019ರಿಂದ ಚುನಾಯಿತ ಐವರ ಸ್ಟೀರಿಂಗ್ ಕೌನ್ಸಿಲ್ ಇದೆ. ಇನ್ನೊಂದು ಭಾಷೆಯಾದ ರಸ್ಟ್‌ನಲ್ಲಿ ಪ್ರಸ್ತಾವಕ್ಕೆ ಕೊನೆಗೆ ಹತ್ತು ದಿನದ ಅಂತಿಮ ಅಭಿಪ್ರಾಯ ಅವಧಿ. ನಿಜವಾದ ಮತದಾನ ಬೇಕೆಂದರೆ ಲಿನಕ್ಸ್ ಆಧಾರಿತ ಡೆಬಿಯನ್ ನೋಡಿ, ಅಲ್ಲಿ ಸಂವಿಧಾನವೇ ಇದೆ. ಅಲ್ಲಿಯೂ ಕಂಪ್ಯೂಟರ್ ಶುರುವಾದಾಗ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಡಿಫಾಲ್ಟ್ ಆಗಬೇಕೋ ಬೇಡವೋ ಎಂಬ ಪ್ರಶ್ನೆ 2014ರಲ್ಲಿ ತಾಂತ್ರಿಕ ಸಮಿತಿಯ ಎಂಟು ಜನರಲ್ಲಿ 4-4 ಆಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರ್ಮಾನವಾಯಿತು. ವಾದ ಆಮೇಲೂ ವರ್ಷಗಟ್ಟಲೆ ನಿಲ್ಲಲಿಲ್ಲ.

ಇನ್ನು ನಿಮ್ಮ ಪ್ಯಾಚ್. ಆ ಒಂದು ಸಾಲಿನಲ್ಲಿ "ಡಿಫಾಲ್ಟ್ ಆಗಿ" ಅನ್ನುವ ಪದವನ್ನು ನೀವು ಸಿಟ್ಟಿನಲ್ಲಿ ದಾಟಿಬಿಟ್ಟಿದ್ದೀರಿ ಅಂತ ಕಾಣುತ್ತದೆ. ಮೇಂಟೇನರ್ ಪೂರ್ತಿ ಬೇಡ ಅಂದಿಲ್ಲ, ಎಲ್ಲರಿಗೂ ತಾನಾಗಿಯೇ ಆನ್ ಇರುವುದು ಬೇಡ ಅಂದಿದ್ದಾರೆ. ಅವರ ಅನುಮಾನಕ್ಕೆ ಆಧಾರವೂ ಇದೆ. "ಲಕ್ಷ್ಮಿ" ಪದದ ಕ್ಷ್ಮಿ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರಿಗೆ ಆರು ಸಂಕೇತ: ಕ, ಹಲಂತ ಚಿಹ್ನೆ (ಅರ್ಧಾಕ್ಷರ ಮಾಡುವುದು), ಷ, ಮತ್ತೆ ಹಲಂತ ಚಿಹ್ನೆ, ಮ, ಗುಡಿಸು (ಇಕಾರದ ಚಿಹ್ನೆ). "ಲಕ್ಷ್ಮೀ" ಎಂದು ದೀರ್ಘ ಮಾಡಬೇಕಾದವರು ಈಗ ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿ ಗುಡಿಸನ್ನಷ್ಟೇ ಬದಲಿಸುತ್ತಾರೆ. ನಿಮ್ಮ ಬದಲಾವಣೆ ಬಂದರೆ ಆರನ್ನೂ ಮತ್ತೆ ಟೈಪ್ ಮಾಡಬೇಕು. ದಿನವಿಡೀ ಟೈಪ್ ಮಾಡುವ ಡಿಟಿಪಿಯವರು ನಿಮಗೆ ಹೆಬ್ಬೆರಳು ಕೊಡಲಾರರು.

ಇನ್ನೊಂದು ತೊಡಕು ಅಕ್ಷರದ ಗಡಿ ಯಾವುದು ಎಂಬುದು. ನೀವು ಬಳಸಿದ ಸಿದ್ಧ ಕೋಡಿನ ಲೈಬ್ರರಿ ಹೇಳಿದ ಗಡಿಯನ್ನೇ ನಂಬಿದ್ದರೆ ಅದು ಆವೃತ್ತಿಯ ಮೇಲೆ ನಿಂತಿದೆ. ಒತ್ತಕ್ಷರದ ನಡುವೆ ತುಂಡು ಮಾಡಬಾರದು ಎಂಬ ನಿಯಮ ಅಕ್ಷರ ಸಂಕೇತಗಳ ಅಂತರರಾಷ್ಟ್ರೀಯ ಮಾನಕವಾದ ಯೂನಿಕೋಡಿನ 2023ರ 15.1 ಆವೃತ್ತಿಯಲ್ಲಿ ಬಂದಾಗ ದೇವನಾಗರಿ, ತೆಲುಗು, ಮಲಯಾಳಂ ಮುಂತಾದ ಕೆಲವು ಲಿಪಿಗಳು ಆ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ಆ ನಿಯಮದ ಪ್ರಕಾರ ಕ್ಷ್ಮಿ ತೆಲುಗಿನಲ್ಲಿ ಒಂದೇ ತುಂಡು, ಕನ್ನಡದಲ್ಲಿ ಮೂರು. ನಿಮ್ಮ ಕೋಡ್ ಇದನ್ನು ಹೇಗೆ ನಿಭಾಯಿಸುತ್ತದೆ ಎಂದು ಪುಲ್ ರಿಕ್ವೆಸ್ಟಿನಲ್ಲಿ ಬರೆಯದಿದ್ದರೆ ರಿವ್ಯೂ ಮಾಡುವವರು ಊಹಿಸಬೇಕು. ಕನ್ನಡ ಬಾರದ ಮನುಷ್ಯ ಊಹಿಸುವ ಬದಲು ಪಕ್ಕಕ್ಕಿಡುತ್ತಾನೆ.

ಆದ್ದರಿಂದ ಮೊದಲ ಕೆಲಸ ಆಕ್ಷೇಪಣೆಯನ್ನು ನಿಮ್ಮ ಮಾತಿನಲ್ಲಿ ಬರೆದು ಕೇಳುವುದು: "ಸದ್ಯದ ಬಳಕೆದಾರರ ಅಭ್ಯಾಸ ಕೆಡುತ್ತದೆ ಎಂಬುದೇ ತೊಂದರೆಯೇ? ಡಿಫಾಲ್ಟ್ ಮುಟ್ಟದೆ ಸೆಟ್ಟಿಂಗ್ ಆಗಿ ಕೊಟ್ಟರೆ ಒಪ್ಪುತ್ತೀರಾ?" ಹೌದು-ಇಲ್ಲ ಎಂದು ಅರ್ಧ ನಿಮಿಷದಲ್ಲಿ ಉತ್ತರಿಸುವಂತಿರಲಿ.

ಆಮೇಲೆ ಪ್ಯಾಚನ್ನು ಒಡೆಯಿರಿ. ಈಗಿನ ವರ್ತನೆಯನ್ನು ದಾಖಲಿಸುವ ಟೆಸ್ಟುಗಳು ಒಂದು ಕಮಿಟ್ (ಒಟ್ಟಾಗಿ ದಾಖಲಾಗುವ ಬದಲಾವಣೆ), ಏನೂ ಬದಲಾಗದ ಕಾರಣ ಇದನ್ನು ಯಾರೂ ಬೇಡ ಅನ್ನುವುದಿಲ್ಲ. ಎರಡನೆಯದು ಹೊಸ ವರ್ತನೆ, ಡಿಫಾಲ್ಟ್ ಆಗಿ ಆಫ್ ಇರುವ ಸೆಟ್ಟಿಂಗ್. ಡಿಫಾಲ್ಟ್ ಬದಲಿಸುವ ಮಾತು ಬೇರೆ ಇಶ್ಯೂ (ಚರ್ಚೆಯ ವಿಷಯ), ಅದನ್ನು ಒಂದೆರಡು ಬಿಡುಗಡೆ ಆದಮೇಲೆ ಎತ್ತಿ. ಟೆಸ್ಟಿನಲ್ಲಿ ಲಕ್ಷ್ಮಿ, ಅರ್ಕಾವತ್ತು ಇರುವ "ಧರ್ಮ", ಅನುಸ್ವಾರ ಇರುವ "ಕಂಬ" ಇರಲಿ, ಜೊತೆಗೆ ಒಂದೊಂದು ಹಿಂದಿ, ತಮಿಳು ಪದ. "ರ‍್ಯಾಂಕ್" ಬಿಡಲೇಬೇಡಿ. ರಕಾರ ಪೂರ್ತಿಯಾಗಿ ನಿಲ್ಲಲೆಂದು ಅದರಲ್ಲಿ ಕಣ್ಣಿಗೆ ಕಾಣದ ಜೋಡಕ ಸಂಕೇತ ಇದೆ. ಈಗಿನಂತೆ ಒಂದೊಂದೇ ಅಳಿಸುತ್ತ ಹೋದರೆ ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿದಾಗ ಪರದೆಯ ಮೇಲೆ ಏನೂ ಆಗುವುದೇ ಇಲ್ಲ. ನಿಮ್ಮ ಬದಲಾವಣೆಯ ಪರವಾಗಿ ಇರುವ ಗಟ್ಟಿ ವಾದ ಇದು, ನೀವು ಬಳಸಿಕೊಂಡೇ ಇಲ್ಲ.

ಬೇರೆಯವರು ಇದನ್ನು ಹೇಗೆ ಬಗೆಹರಿಸಿದ್ದಾರೆ ಎಂದೂ ಎರಡು ಸಾಲು ಸೇರಿಸಿ. ಪರದೆಯ ಮೇಲೆ ಅಕ್ಷರ ಜೋಡಿಸುವ ಪ್ಯಾಂಗೋ ಲೈಬ್ರರಿಯಲ್ಲಿ ಬ್ಯಾಕ್‌ಸ್ಪೇಸ್ ಇಡೀ ಅಕ್ಷರ ಅಳಿಸಬೇಕೋ ಬೇಡವೋ ಎಂದು ಗುರುತಿಸಲೆಂದೇ ಒಂದು ಗುಣಲಕ್ಷಣ ಇದೆ. ಕೈಬಿಟ್ಟ ದಾರಿಗಳನ್ನೂ ಕಾರಣ ಸಮೇತ ಬರೆಯಿರಿ. ಪೆಪ್‌ಗಳಲ್ಲಿ ಅದಕ್ಕೆ ಪ್ರತ್ಯೇಕ ಭಾಗವೇ ಇರುತ್ತದೆ, ಇಲ್ಲದಿದ್ದರೆ ಹೊಸದಾಗಿ ಬಂದ ಪ್ರತಿಯೊಬ್ಬರೂ ಅದೇ ಪ್ರಶ್ನೆ ಕೇಳುತ್ತಾರೆ.

ಕೆಲಸ ಕೆಡುವುದು ಸಾಮಾನ್ಯವಾಗಿ ಸಣ್ಣ ಸಂಗತಿಗಳಿಂದ. ಗೆಳೆಯರನ್ನು ಕರೆತಂದು +1 ಬರೆಸಿದರೆ ನಡುವೆ ಇದ್ದ ಒಂದು ತಾಂತ್ರಿಕ ಮಾತು ಹೂತುಹೋಗುತ್ತದೆ, ಮೇಂಟೇನರ್ ಚರ್ಚೆಗೆ ಬೀಗ ಹಾಕಬಹುದು. ಎಡಿಟರ್ ತಾನಾಗಿಯೇ ಸ್ಪೇಸ್-ಟ್ಯಾಬ್ ಬದಲಿಸಿ ಮೂವತ್ತು ಸಾಲಿನ ಪ್ಯಾಚ್ ಆರುನೂರು ಸಾಲಾಗುವುದು ಇನ್ನೊಂದು, ಕಳಿಸುವ ಮುನ್ನ ಡಿಫ್ (ಏನೇನು ಬದಲಾಯಿತು ಎಂಬ ಪಟ್ಟಿ) ಒಮ್ಮೆ ನೀವೇ ಓದಿ. ರಿವ್ಯೂ ನಡುವೆ ಹಳೆಯ ಕಮಿಟ್‌ಗಳನ್ನು ಒರೆಸಿ ಫೋರ್ಸ್ ಪುಶ್ ಮಾಡಿದರೆ ಅವರು ಎಲ್ಲಿಯವರೆಗೆ ಓದಿದ್ದರು ಎಂಬುದೇ ಕಳೆದುಹೋಗುತ್ತದೆ. ಸೆಟ್ಟಿಂಗಿನ ಹೆಸರು ಏನಿರಬೇಕು ಎಂದು ಇಪ್ಪತ್ತು ಕಾಮೆಂಟ್ ಬಂದರೆ ವಾದಕ್ಕೆ ಇಳಿಯಬೇಡಿ, ಮೇಂಟೇನರ್ ಹೇಳಿದ ಹೆಸರು ಇಟ್ಟುಬಿಡಿ.

ನೆನಪಿಸುವುದು ತಪ್ಪಲ್ಲ. ಕರ್ನೆಲ್‌ನವರ ಸಲಹೆ ಕನಿಷ್ಠ ಒಂದು ವಾರ ಕಾಯಿರಿ ಎಂದು. ಸ್ವಯಂಸೇವಕರೇ ನಡೆಸುವ ಸಣ್ಣ ಪ್ರಾಜೆಕ್ಟಿಗೆ ಎರಡು ವಾರ ಕೊಡಿ ಅನ್ನುತ್ತೇನೆ ನಾನು. ಬರೀ "ಏನಾಯ್ತು?" ಎಂದು ಕೇಳದೆ ಹೊಸದೇನಾದರೂ ಇಟ್ಟು ಕೇಳಿ: ಟೆಸ್ಟ್ ಸೇರಿಸಿದೆ, ಪ್ಯಾಚ್ ಒಡೆದೆ, ಮುಖ್ಯ ಬ್ರಾಂಚಿಗೆ ರೀಬೇಸ್ ಮಾಡಿದೆ (ಅದರ ಇತ್ತೀಚಿನ ರೂಪಕ್ಕೆ ಹೊಂದಿಸಿದೆ). ಸಾರ್ವಜನಿಕವಾಗಿಯೇ ಕೇಳಿ, ಖಾಸಗಿ ಸಂದೇಶಕ್ಕೆ ಬೇರೆ ಮೇಂಟೇನರ್‌ಗಳು ಉತ್ತರಿಸಲಾರರು. ಗಿಟ್ ಲಾಗ್ (ಬದಲಾವಣೆಗಳ ದಾಖಲೆ) ತೆಗೆದು ಆ ಫೈಲನ್ನು ಇತ್ತೀಚೆಗೆ ತಿದ್ದಿದವರು ಯಾರು ಎಂದು ನೋಡಿ, ಅವರನ್ನೂ ರಿವ್ಯೂಗೆ ಕೇಳಬಹುದು.

ಎಲ್ಲ ಆದಮೇಲೂ ಬೇಡ ಅಂದರೆ ಫೋರ್ಕ್ ಹಕ್ಕು, ಅಂದರೆ ಕೋಡ್ ನಕಲಿಸಿಕೊಂಡು ಬೇರೆಯಾಗಿ ನಡೆಸುವ ಹಕ್ಕು, ಇದ್ದೇ ಇದೆ. ಓಪನ್‌ಆಫೀಸ್‌ನಿಂದ 2010ರಲ್ಲಿ ಲಿಬ್ರೆಆಫೀಸ್ ಹುಟ್ಟಿದ್ದು ಹಾಗೆಯೇ, ಆದರೆ ಅಲ್ಲಿ ದೊಡ್ಡ ತಂಡವೇ ಜೊತೆಗೆ ಹೊರಬಂದಿತ್ತು. ಒಂದು ಬ್ಯಾಕ್‌ಸ್ಪೇಸ್‌ಗಾಗಿ ಪ್ರತಿ ಬಿಡುಗಡೆಯನ್ನೂ ಒಬ್ಬರೇ ಮರ್ಜ್ ಮಾಡುತ್ತಾ ಕೂಡುವುದು ನನಗಂತೂ ಸರಿ ಕಾಣುವುದಿಲ್ಲ. ಆ ಎಡಿಟರ್‌ಗೆ ಪ್ಲಗಿನ್ ಸೌಲಭ್ಯ ಇದ್ದರೆ ಇದೇ ಕೋಡನ್ನು ಪ್ಲಗಿನ್ ಮಾಡಿ, ನಿಮ್ಮ ನಲವತ್ತು ಜನರಿಗೆ ಹಾಕಿಕೊಡಿ. ಒಂದು ತಿಂಗಳು ಬಳಸಿದ ಮೇಲೆ ಎಷ್ಟು ಮಂದಿ ಅದನ್ನು ತೆಗೆದುಹಾಕಿದರು ಎಂದು ಕೇಳಿ, ಆ ಸಂಖ್ಯೆಯನ್ನು ಇಶ್ಯೂನಲ್ಲಿ ಹಾಕಿ.