ಟೆನಿಸ್ ಬಾಡಿಗೆಗೆ ಬಂದ ಮನೆ

ಪತ್ರ: ಕಳೆದ ಸಂಚಿಕೆಯಲ್ಲಿ ವಿಂಬಲ್ಡನ್ ಕ್ಲಬ್ಬಿನ ಹೆಸರನ್ನು 'ಆಲ್ ಇಂಗ್ಲೆಂಡ್ ಲಾನ್ ಟೆನಿಸ್ ಅಂಡ್ ಕ್ರೋಕೆ ಕ್ಲಬ್' ಎಂದು ಅಚ್ಚು ಹಾಕಿದ್ದೀರಿ. ವಿಂಬಲ್ಡನ್ ಫೈನಲನ್ನು ನಾಲ್ಕು ಗಂಟೆ ಕದಲದೆ ನೋಡುವವನು ನಾನು. ಮರದ ಸುತ್ತಿಗೆಯಲ್ಲಿ ಚೆಂಡು ತಳ್ಳುವ ಕ್ರೋಕೆ ಎಂಬ ಶ್ರೀಮಂತರ ಕಾಲಹರಣಕ್ಕೆ ಟೆನಿಸ್ ಪಕ್ಕ ಜಾಗ ಬೇಕಿತ್ತೇ? ಬೆವರು ಹರಿಸದ್ದು ಆಟವೇ?
— ದಾವಣಗೆರೆಯ ಓದುಗರೊಬ್ಬರು

ಉತ್ತರ: ಸ್ವಾಮಿ, ಒಂದು ಮಾತು ಮೊದಲೇ ಒಪ್ಪಿಬಿಡುತ್ತೇನೆ. ಕ್ರೋಕೆ ಉಳ್ಳವರ ಆಟವೇ. ಸಮತಟ್ಟಾದ ಹುಲ್ಲು ಬೇಕು, ಅದನ್ನು ಕತ್ತರಿಸಲು ಆಳು ಬೇಕು. ನಿಮ್ಮ ಪಾಲಿನ ನ್ಯಾಯ ಅಷ್ಟಕ್ಕೆ ಮುಗಿಯಿತು.

ಇನ್ನು ಜಾಗದ ಮಾತು. ಕ್ರೋಕೆಯ ಮನೆಗೆ ಟೆನಿಸ್ ಬಾಡಿಗೆಗೆ ಬಂದದ್ದು, ಗೊತ್ತಾ? 1850ರ ದಶಕದಲ್ಲಿ ಐರ್ಲೆಂಡಿನಿಂದ ಇಂಗ್ಲೆಂಡಿಗೆ ಬಂದ ಆಟ ಇದು. ಹತ್ತು ಹದಿನೈದು ವರ್ಷದಲ್ಲಿ ಅಲ್ಲಿನವರಿಗೆ ಇದರ ಹುಚ್ಚು ಹಿಡಿದಿತ್ತು. 1868ರಲ್ಲಿ ಕ್ಲಬ್ ಶುರುವಾದಾಗ ಅದರ ಹೆಸರು ಬರೀ ಆಲ್ ಇಂಗ್ಲೆಂಡ್ ಕ್ರೋಕೆ ಕ್ಲಬ್. ಟೆನಿಸ್‌ಗೆ ಒಂದಿಷ್ಟು ಹುಲ್ಲು ಬಿಟ್ಟುಕೊಟ್ಟದ್ದು 1875ರಲ್ಲಿ. ಹೆಸರಿಗೆ ಸೇರಿಸಿದ್ದು 1877ರಲ್ಲಿ. ಆ ವರ್ಷವೇ ಮೊದಲ ಟೆನಿಸ್ ಪಂದ್ಯಾವಳಿ ನಡೆಯಿತು. ಯಾಕೆ ನಡೆಸಿದರು ಅಂತೀರಿ? ಹುಲ್ಲು ಸಮ ಮಾಡುವ ರೋಲರ್ ಕೆಟ್ಟಿತ್ತು. ಸಣ್ಣ ಕುದುರೆ ಎಳೆಯುವ ರೋಲರ್. ಅದರ ರಿಪೇರಿಗೆ ದುಡ್ಡು ಬೇಕಿತ್ತು! ಇಷ್ಟಾಗಿ 1882ರಲ್ಲಿ ಬಾಡಿಗೆದಾರನೇ ಯಜಮಾನನಾದ. ಕ್ರೋಕೆ ಹೆಸರನ್ನು ಬೋರ್ಡಿನಿಂದ ಕಿತ್ತರು. 1899ರಲ್ಲಿ ವಾಪಸ್ ಬರೆದರು, ಟೆನಿಸ್‌ನ ಹಿಂದೆ.

ಸುತ್ತಿಗೆಯಲ್ಲಿ ತಳ್ಳುವುದು ಅಂದಿರಲ್ಲ, ಒಮ್ಮೆ ತಳ್ಳಿ ನೋಡಿ. ಆರು ಕಬ್ಬಿಣದ ಕಮಾನು, ನಡುವೆ ಒಂದು ಗೂಟ. ಪ್ರತಿ ಪಕ್ಷಕ್ಕೆ ಎರಡು ಚೆಂಡು. ಒಂದೊಂದು ಚೆಂಡೂ ಹನ್ನೆರಡು ಸಲ ಕಮಾನು ದಾಟಿ ಕೊನೆಗೆ ಗೂಟಕ್ಕೆ ತಾಗಬೇಕು. ಕಮಾನಿನ ಸಂದು ಚೆಂಡಿಗಿಂತ ಜಾಸ್ತಿ ಇರುವುದು ಸುಮಾರು 3 ಮಿಲಿಮೀಟರ್. ನಿಮ್ಮ ಚೆಂಡು ಇನ್ನೊಂದಕ್ಕೆ ಬಡಿದರೆ ಮತ್ತೆರಡು ಹೊಡೆತ ಸಿಗುತ್ತದೆ. ಕೇರಂನಲ್ಲಿ ಒಬ್ಬ ಸಾಲಾಗಿ ಕಾಯಿ ಹಾಕುತ್ತಾ ಹೋದರೆ ಎದುರಿನವನು ಸುಮ್ನೆ ಕೂರಬೇಕಲ್ಲ, ಇಲ್ಲೂ ಹಾಗೇ. ಮೊದಮೊದಲು ಇನ್ನೊಂದು ಕುಚೇಷ್ಟೆ ಇತ್ತು. ಎದುರಾಳಿಯ ಚೆಂಡಿಗೆ ನಿಮ್ಮ ಚೆಂಡನ್ನು ಒತ್ತಿಟ್ಟು, ನಿಮ್ಮದರ ಮೇಲೆ ಕಾಲಿಟ್ಟು ಬಡಿದರೆ ಆತನ ಚೆಂಡು ಪೊದೆ ಸೇರುತ್ತಿತ್ತು. ಗೋಲಿ ಆಡಿ ಜಗಳವಾಡಿದವರಿಗೆ ಇದರ ಸುಖ ನಾನು ಹೇಳಬೇಕಿಲ್ಲ.

ನನಗೆ ಈ ಆಟ ಹತ್ತಿರವಾಗುವುದು ಬೇರೆ ಕಾರಣಕ್ಕೆ. ಹೆಂಗಸರು, ಗಂಡಸರು ಒಂದೇ ಹುಲ್ಲಿನ ಮೇಲೆ, ಒಂದೇ ನಿಯಮಕ್ಕೆ ಆಡಿದರು. ಬರೀ ಮನೆಯ ಹಿತ್ತಲಲ್ಲಿ ಅಲ್ಲ. 1905ರಲ್ಲಿ ಲಿಲಿ ಗೋವರ್ ಗಂಡಸರೂ ಇದ್ದ ಓಪನ್ ಚಾಂಪಿಯನ್‌ಶಿಪ್ ಗೆದ್ದರು. ಆಮೇಲೆ ಡೊರೊಥಿ ಸ್ಟೀಲ್ ಅದನ್ನೇ ನಾಲ್ಕು ಸಲ ಗೆದ್ದರು. ನಿಮ್ಮ ಟೆನಿಸ್‌ನಲ್ಲಿ ಇದು ಆಗಿದೆಯೇ? 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಕ್ರೋಕೆ ಇತ್ತು, ಅದರಲ್ಲಿ ಹೆಂಗಸರೂ ಇದ್ದರು. ಟಿಕೆಟ್ ಕೊಂಡು ನೋಡಲು ಬಂದವನು ಒಬ್ಬನೇ, ನೀಸ್ ಊರಿನಿಂದ ಬಂದ ಒಬ್ಬ ಇಂಗ್ಲಿಷಿನವನು. ಇದನ್ನು ಓದಿ ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಹೊಟ್ಟೆಕಿಚ್ಚು. ಆಡುವವರು ಜಾಸ್ತಿ, ನೋಡುವವರು ಕಮ್ಮಿ!

ಈಗ ಎಲ್ಲಾ ಉಲ್ಟಾ. ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಒಳ್ಳೆ ಹುಲ್ಲಿದೆ. ಅದರ ನಡುವೆ 'ಇಲ್ಲಿ ಆಡಬಾರದು' ಎಂಬ ಬೋರ್ಡೂ ಇದೆ. ಮಕ್ಕಳು ಲಿಫ್ಟ್ ಮುಂದೆ ಚೆಂಡು ಉರುಳಿಸಿದರೆ ಹತ್ತು ನಿಮಿಷದಲ್ಲಿ ವಾಟ್ಸಾಪ್ ಗ್ರೂಪಿಗೆ ದೂರು ಬರುತ್ತದೆ. ದೂರು ಕೊಟ್ಟ ಮನೆಯಿಂದಲೇ ಸಂಜೆ ಕ್ರಿಕೆಟ್ ಕಾಮೆಂಟರಿ ಕೇಳಿಸುತ್ತದೆ, ಟಿವಿ ಒಡೆದುಹೋಗುವ ಹಾಗೆ. ಗೆದ್ದರೆ ಪಟಾಕಿ ಬೇರೆ.

ನೀವೂ ನಾಲ್ಕು ಗಂಟೆ ಕದಲದೆ ಕೂತು ನೋಡಿದೆ ಅಂದಿರಿ. ಅಷ್ಟು ಹೊತ್ತು ಬೆವರಿದ್ದು ಯಾರು ಸ್ವಾಮಿ?

ಬೇಜಾರಾಗಬೇಡಿ. ನಿಮ್ಮಂಥವರು ಕೆಣಕದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕ್ಲಬ್ಬಿನ ಹೆಸರನ್ನಂತೂ ಮುಂದಿನ ಸಲವೂ ಪೂರ್ತಿಯಾಗಿಯೇ ಅಚ್ಚು ಹಾಕುತ್ತೇವೆ.
— ಸಂ.