ಪ್ರೋಟೀನ್ ಮಾಡದ ಆರ್‌ಎನ್‌ಎಗೂ ಕುರಿ ಉಣ್ಣೆಗೂ ಏನ್ ಸಂಬಂಧ?

ನೀವು ಕೇಳಿದ್ದು, "ನಾನ್-ಕೋಡಿಂಗ್ ಆರ್‌ಎನ್‌ಎ ಪ್ರೋಟೀನೇ ಮಾಡಲ್ಲ ಅಂದ್ಮೇಲೆ ಕುರಿ, ಆಡಿನ ಕೂದಲು ಬೆಳೆಯೋದ್ರಲ್ಲಿ ಅದಕ್ಕೇನು ಕೆಲಸ? ಅದನ್ನ ಇಂಜೆಕ್ಷನ್ ಕೊಟ್ಟು ಉಣ್ಣೆ ಸುಧಾರಿಸಬಹುದಾ?" ಅಂತ. ಎರಡನೇದಕ್ಕ ಮೊದಲ ಹೇಳಿಬಿಡ್ತೀನಿ, ಸದ್ಯಕ್ಕ ಆಗೂದಿಲ್ರಿ. ಮೊದಲನೇದು ಸ್ವಲ್ಪ ಉದ್ದ ಆಗ್ತದ.

ನಮ್ಮದು ಸಾಂಗಲಿ ಜಿಲ್ಲಾ ಜತ್ತ ತಾಲೂಕು, ಮನ್ಯಾಗ ಕನ್ನಡ, ಕಚೇರಿಗೆ ಹೋದ್ರ ಮರಾಠಿ. ಅಪ್ಪನ ಹತ್ರ ದಖ್ಖನಿ ಕುರಿ ಅವ, ನಾ ಬಯೋಟೆಕ್ ಓದಿ ಲ್ಯಾಬ್‌ನಾಗ ಆರ್‌ಎನ್‌ಎ ತಗಿಯೋ ಕೆಲಸಕ್ಕ ಬಿದ್ದೀನಿ, ಹಿಂಗಾಗಿ ಎರಡೂ ಕಡೀದು ಸ್ವಲ್ಪ ಸ್ವಲ್ಪ ಗೊತ್ತದ.

ಒಂದು ಕುರಿ ಹಿಡ್ಕೊಂಡು ಭುಜದ ಹತ್ರ ಉಣ್ಣೆ ಎರಡೂ ಕಡೆ ಸರಿಸಿ ನೋಡ್ರಿ. ದಪ್ಪ, ಬಿರುಸು ಕೂದಲದ ನಡುವ ಸಣ್ಣ ಮೆತ್ತನ ಎಳಿ ಕಾಣ್ತಾವ. ಕೂದಲ ಹುಟ್ಟೋ ಚರ್ಮದೊಳಗಿನ ಸಣ್ಣ ಚೀಲಕ್ಕ ಫಾಲಿಕಲ್ ಅಂತಾರ. ಈ ದಪ್ಪನ್ನವು ಪ್ರೈಮರಿ ಫಾಲಿಕಲ್‌ದಾಗಿಂದ ಬರ್ತಾವ, ಮೆತ್ತನ್ನವು ಸೆಕೆಂಡರಿ ಫಾಲಿಕಲ್‌ದಾಗಿಂದ. ಚರ್ಮದ ತೆಳು ಪದರ ಮೈಕ್ರೋಸ್ಕೋಪಿನ ಕೆಳಗ ಇಟ್ರ ಪ್ರೈಮರಿಗಳು ಮೂರ್‌ಮೂರು ಸಾಲಾಗಿ ನಿಂತಿರ್ತಾವ, ಅವಕ್ಕ ಬೆವರಿನ ಗ್ರಂಥಿ ಇರ್ತದ, ಕೂದಲ ನೆಟ್ಟಗ ಮಾಡೋ ಸಣ್ಣ ಸ್ನಾಯು ಇರ್ತದ. ಸೆಕೆಂಡರಿಗಳಿಗೆ ಅವೆರಡೂ ಇಲ್ಲ, ಬಾಜೂಕ ಗುಂಪಾಗಿ ಕುಂತಿರ್ತಾವ. ಲಡಾಖಿನ ಪಶ್ಮಿನಾ ಅಂತ ಅಷ್ಟು ರೊಕ್ಕ ಕೊಡ್ತಾರಲ್ಲ, ಅದು ಆಡಿನ ಈ ಸೆಕೆಂಡರಿ ಫಾಲಿಕಲ್‌ದ್ದೇ ಮಾಲು.

ಮಜಾ ಏನಂದ್ರ ಇವೆಲ್ಲಾ ಹೊಟ್ಟಿಯೊಳಗನ ತಯಾರಾಗ್ತಾವ. ಕುರಿ ಗಬ್ಬ ಸುಮಾರು 150 ದಿನ, ಪ್ರೈಮರಿ ಫಾಲಿಕಲ್ 60ನೇ ದಿನದ ಆಸುಪಾಸು ಶುರು, ಸೆಕೆಂಡರಿ 85ರ ಆಸುಪಾಸು. ಮರಿ ನೆಲಕ್ಕ ಬೀಳೂದ್ರಾಗ ಲೆಕ್ಕ ಬಹುತೇಕ ಮುಗದಿರ್ತದ.

ಈಗ ಆರ್‌ಎನ್‌ಎ ವಿಷಯ. ಜೀನಿನಾಗ ಬರದದ್ದರ ನಕಲು ಅದು; ಕೆಲವು ನಕಲಿನಿಂದ ಪ್ರೋಟೀನ್ ತಯಾರಾಗ್ತದ, ಆಗದೇ ಇರೋದಕ್ಕ ನಾನ್-ಕೋಡಿಂಗ್ ಅಂತಾರ. ಚರ್ಮದಾಗ ವಿಂಟ್ ಅನ್ನೋ ಸಿಗ್ನಲ್ "ಬೆಳಿ" ಅಂತದ, ಬಿಎಂಪಿ ಅನ್ನೋದು "ತಡಿ" ಅಂತದ, ಇವು ಪ್ರೋಟೀನ್. ಆದ್ರ ಯಾವುದು ಎಷ್ಟು ಇರ್ಬೇಕು ಅನ್ನೋದ್ರಾಗ ಮೈಕ್ರೋ ಆರ್‌ಎನ್‌ಎ ಕೈ ಆಡಸ್ತದ. ಸುಮಾರು 22 ಅಕ್ಷರದ ತುಣುಕು ಅದು, ಪ್ರೋಟೀನ್ ಮಾಡೋ ಆರ್‌ಎನ್‌ಎ ಬಾಲಕ್ಕ ಹೋಗಿ ಅಂಟಿ ಅದರ ಕೆಲಸ ಕಡಿಮಿ ಮಾಡ್ತದ. ನಮ್ಮ ಊರಾಗ ನಳಕ್ಕ ನೀರು ಬಿಡಾಂವ ಒಂದು ಹನಿ ನೀರೂ ತಯಾರು ಮಾಡೂದಿಲ್ಲ, ಆದ್ರೂ ಯಾವ ಓಣಿಗೆ ಎಷ್ಟು ಅನ್ನೂದು ಅವನ ಕೈಯಾಗ ಅದ ಅಲ್ರಿ, ಹಂಗ. ಸರ್ಕ್ಯುಲರ್ ಆರ್‌ಎನ್‌ಎ ಅಂತ ಇನ್ನೊಂದು ಜಾತಿ ಅದ, ಬಳಿ ಥರ ಎರಡೂ ತುದಿ ಕೂಡಿರೋದು. ಅದರಾಗ ಕೆಲವು ಈ ಮೈಕ್ರೋ ಆರ್‌ಎನ್‌ಎಗಳನ್ನ ತಮಗ ಅಂಟಿಸ್ಕೊಂಡು ಕೂಡ್ರಸ್ತಾವ, ನೀರು ಬಿಡಾಂವನ್ನ ಚಾ ಅಂಗಡ್ಯಾಗ ಹರಟಿಗೆ ಕೂಡ್ರಿಸಿಕೊಂಡಂಗ. 200 ಅಕ್ಷರಕ್ಕಿಂತ ಉದ್ದ ಇದ್ದದ್ದಕ್ಕ ಲಾಂಗ್ ನಾನ್-ಕೋಡಿಂಗ್ ಅಂತಾರ, ಅವುಗಳ ಕೆಲಸ ಒಂದೊಂದರದ್ದು ಒಂದೊಂದು ಥರ.

1993ರಾಗ ಆಂಬ್ರೋಸ್ ಮತ್ತ ರವ್ಕುನ್ ಅನ್ನೋ ವಿಜ್ಞಾನಿಗಳು ಮೈಕ್ರೋ ಆರ್‌ಎನ್‌ಎನ್ನ ಒಂದು ಸಣ್ಣ ಹುಳದಾಗ ಹಿಡದ್ರು, 2024ರಾಗ ನೊಬೆಲ್ ಬಂತು. ಕೂದಲಿಗೆ ಬೇಕೇ ಬೇಕು ಅಂತ ಗೊತ್ತಾಗಿದ್ದು 2006ರಾಗ: ಮೈಕ್ರೋ ಆರ್‌ಎನ್‌ಎ ತಯಾರು ಮಾಡೋ ಡೈಸರ್ ಅನ್ನೋ ಕಿಣ್ವನ್ನ ಇಲಿ ಚರ್ಮದಾಗ ತಗದ್ರ, ಕೆಳಗ ಇಳೀಬೇಕಾದ ಫಾಲಿಕಲ್ ಉಲ್ಟಾ ಮ್ಯಾಲ ಉಬ್ಬಿ ಬಂದ್ವು. ಕುರಿದೇ ಉದಾಹರಣಿ ಬೇಕಂದ್ರ 2017ರದ್ದು ಚೊಲೊ ಅದ. ಉಣ್ಣೆ ಕುರಿಗಳಾಗ ಐಆರ್‌ಎಫ್2ಬಿಪಿ2 ಅನ್ನೋ ಜೀನಿನ ಬಾಲದಾಗ ಬ್ಯಾರೆ ಒಂದು ಜೀನಿನ ಕಾಪಿ ಉಲ್ಟಾ ಬಂದು ಸೇರ್ಕೊಂಡದ, ಆ ಉಲ್ಟಾ ಕಾಪಿಯಿಂದ ಪ್ರೋಟೀನ್ ಬರೂದಿಲ್ಲ, ಆದ್ರ ಅದರ ಆರ್‌ಎನ್‌ಎ ಆ ಕಾಪಿಯ ಮೂಲ ಜೀನಿನ ಆರ್‌ಎನ್‌ಎಗೆ ಜೋಡಿಯಾಗಿ ಅಂಟಬಹುದು. ಬರೇ ಕೂದಲ ಇರೋ ಹಳೇ ತಳಿಗೂ ಉಣ್ಣೆ ತಳಿಗೂ ಇರೋ ಫರಕ್‌ನ ಗುರುತು ಅಲ್ಲಿ ಸಿಕ್ತು.

ಆದ್ರ ಒಂದು ಮಾತು. ಆಡು-ಕುರಿ ಮ್ಯಾಲಿನ ಪೇಪರ್ ಭಾಳಷ್ಟು ಒಂದೇ ಅಚ್ಚಿನಾಗ ಇರ್ತಾವ: ಕೂದಲ ಬೆಳಿಯೋ ಕಾಲದ ಚರ್ಮ, ಸುಮ್ನಿರೋ ಕಾಲದ ಚರ್ಮ ಎರಡರ ಆರ್‌ಎನ್‌ಎನೂ ಸೀಕ್ವೆನ್ಸ್ ಮಾಡೂದು, ಅಂದ್ರ ಅಕ್ಷರ ಅಕ್ಷರ ಓದೂದು, ನೂರಾರು ಆರ್‌ಎನ್‌ಎ ಪಟ್ಟಿ, ಕಂಪ್ಯೂಟರ್ ಊಹೆ, ಕಡೀಕ ಡಿಶ್‌ನಾಗ ಬೆಳಸಿದ ಜೀವಕೋಶದಾಗ ಒಂದು ಪರೀಕ್ಷೆ. ಜೀವಂತ ಕುರ್ಯಾಗ ಅದನ್ನ ತಗದು ನೋಡಿದ್ದು ಕಡಿಮಿ. ಚರ್ಮನೂ ಸುಲಭ ಸ್ಯಾಂಪಲ್ ಅಲ್ರಿ. ಒಮ್ಮೆ ಲಿಕ್ವಿಡ್ ನೈಟ್ರೋಜನ್ ಹಾಕಿ ಕುಟ್ಟೂದ್ರಾಗ ನಾ ಒಂದು ಸ್ವಲ್ಪ ತಡ ಮಾಡ್ದೆ, ಜೆಲ್ ಮ್ಯಾಲ ಎರಡು ಗೆರಿ ಚಂದ ಕಾಣಬೇಕಿತ್ತು, ಆರ್‌ಎನ್‌ಎ ಒಡದು ಬರೇ ಹೊಗಿ ಎಳದಂಗ ಬಂತು. ಮೂರು ದಿನದ ಕೆಲಸ ಹೋತು.

ಇಂಜೆಕ್ಷನ್ ಯಾಕ ಆಗೂದಿಲ್ಲ ಅಂದ್ರ ಇದಕ್ಕೇ: ಹೊರಗಿನ ಆರ್‌ಎನ್‌ಎ ರಕ್ತದಾಗ ಜಲ್ದಿ ಒಡೀತದ, ಮೈತುಂಬ ಇರೋ ಫಾಲಿಕಲ್ ಬುಡಕ್ಕ ಅದನ್ನ ಮುಟ್ಟಸೂದು ಕಷ್ಟ, ಮುಟ್ಟಿದ್ರೂ ಒಂದೇ ಮೈಕ್ರೋ ಆರ್‌ಎನ್‌ಎ ಎಷ್ಟೋ ಜೀನ್‌ಗಳನ್ನ ಮುಟ್ತದ, ಕೂದಲ ಸುಧಾರಿಸೋಕ ಹೋಗಿ ಬ್ಯಾರೆ ಏನೋ ಕೆಡಿಸಿದಂಗ ಆಗ್ತದ. ಆರಿಸಿ ತಳಿ ಮಾಡೋರಿಗೆ ಮಾತ್ರ ಆ 2017ರಂಥ ಗುರುತು ಉಪಯೋಗ.

ನಮ್ಮ ಅಪ್ಪಗ ಇದೆಲ್ಲಾ ಹೇಳಿದ್ರ, "ಉಣ್ಣೆ ಮಾರಿದ್ರ ಕತ್ತರಸೋ ಕೂಲಿನ ಬರೂದಿಲ್ಲ, ನೀ ಯಾವ ಉಣ್ಣೆ ಸುಧಾರಸ್ತಿ" ಅಂತಾನ. ಅಂದ್ರೂ ಮರಿಯ ಮೊದಲನೇ ಉಣ್ಣೆ, ಜಾವಳ ಅಂತೀವಲ್ಲ, ಅದನ್ನ ಬೆರಳಾಗ ತಿಕ್ಕಿ ನೋಡಿ ಬ್ಯಾರೆ ಇಡ್ತಾನ. ನಿಮ್ಮ ಹತ್ರ ಕುರಿ ಇದ್ರ ಗಬ್ಬದ ಕಡೀ ಎರಡು ತಿಂಗಳು ಮೇವು ಕಡಿಮಿ ಮಾಡಬ್ಯಾಡ್ರಿ, ಸೆಕೆಂಡರಿ ಫಾಲಿಕಲ್ ತಯಾರಾಗೋದು ಅವಾಗನ. ಜತ್ತದಾಗ ಆ ಎರಡು ತಿಂಗಳು ಬ್ಯಾಸಿಗ್ಯಾಗ ಬಂದ್ರ ಜ್ವಾಳದ ಕಣಕಿ ಕೊಂಡಾದ್ರೂ ಹಾಕ್ತೀವಿ, ಸಾಲ ಆದ್ರೂ ಆಗಲಿ ಅಂತ.