ಟೆಕ್ಸಾಸ್‌ನ ಶಿಕಾರಿ, ಕೊಪ್ಪದ ಗದ್ದೆ

ಓದುಗರ ಪತ್ರ: ನಾನು ಕೊಪ್ಪದ ಕಡೆಯವನು. ಆರು ವರ್ಷದಿಂದ ಟೆಕ್ಸಾಸ್‌ನಲ್ಲಿ ಕೆಲಸ, ಎಚ್-1ಬಿ ವೀಸಾ. ಹೋದ ನವೆಂಬರ್‌ನಲ್ಲಿ ಗೆಳೆಯನ ಮಾವನ ರಾಂಚ್‌ಗೆ ಹೋಗಿ ಒಂದು ಜಿಂಕೆ, ಎರಡು ಹಂದಿ ಹೊಡೆದೆವು. ಮಾಂಸ ಫ್ರೀಜರ್‌ನಲ್ಲಿದೆ. ತುಂಬಾ ಖುಷಿಯಾಯಿತು. ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ ಮಾತೇ ಆಡಲಿಲ್ಲ. ಖುಷಿಗೆ ಬೇಟೆಯಾಡುವುದು ತಪ್ಪಾ? ಇಲ್ಲಿ ನಮ್ಮೂರಿನ ಸಾರಗವನ್ನೂ (ಚುಕ್ಕೆ ಜಿಂಕೆ) ವರ್ಷವಿಡೀ ಹೊಡೆಯಬಹುದು. ಅಲ್ಲಿ ಹಂದಿ ಗದ್ದೆ ನುಗ್ಗಿದರೆ ಅಪ್ಪ ರಾತ್ರಿಯಿಡೀ ಡಬ್ಬ ಬಡಿಯುತ್ತಾ ಕೂರಬೇಕು. ನಮ್ಮಲ್ಲೂ ಲೈಸೆನ್ಸ್ ಕೊಟ್ಟು ಶಿಕಾರಿ ಬಿಟ್ಟರೆ ರೈತರ ಕಷ್ಟ ತೀರುವುದಿಲ್ಲವೇ? (ಹೆಸರು ಬೇಡ.)

ಸಂಪಾದಕರ ಉತ್ತರ:

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಬೇಗ ಉತ್ತರ ಬರೆಯಲು ಆಗಲಿಲ್ಲ, ಕ್ಷಮಿಸಿ. ಓದಿದಾಗಲೆಲ್ಲ ನನಗೆ ಅಜ್ಜನ ಮನೆಯ ಅಂಗಳ ನೆನಪಾಗುತ್ತಿತ್ತು.

ನಾನೂ ಮಲೆನಾಡಿನವನೇ. ನಾನು ಹುಡುಗನಾಗಿದ್ದಾಗ ಬೇಟೆಗೆ ಕಟ್ಟು ಹಾಕುವ ಕಾನೂನು ಬಂದು ಕೆಲವು ವರ್ಷ ಆಗಿತ್ತು, ಆದರೆ ನಮ್ಮೂರಿಗೆ ಅದು ಇನ್ನೂ ತಲುಪಿರಲಿಲ್ಲ. ಗದ್ದೆ ಕೊಯ್ಲು ಮುಗಿದ ಮೇಲೆ ಹತ್ತಾರು ಜನ ಸೇರಿ ಪ್ರಾಣಿ ಎಬ್ಬಿಸಲು ಹಳು (ಪೊದೆಗಾಡು) ನುಗ್ಗುತ್ತಿದ್ದರು. ಕೋವಿ ಇದ್ದವರು ಬಿಲ್ಲಿಗೆ, ಅಂದರೆ ಪ್ರಾಣಿ ಹೊರಬೀಳುವ ದಾರಿಯಲ್ಲಿ ಕಾದು, ನಿಲ್ಲುತ್ತಿದ್ದರು. ಸಂಜೆ ಅಂಗಳದಲ್ಲಿ ಬಾಳೆಲೆ ಹಾಸಿ ಪಾಲು ಹಾಕುತ್ತಿದ್ದರು. ಈಡು ಹೊಡೆದವನಿಗೊಂದು ಪಾಲು, ಹಳು ನುಗ್ಗಿದವರಿಗೆಲ್ಲ ಒಂದೊಂದು, ನಾಯಿಗೂ ಒಂದು. ಬೆಳಗ್ಗೆ ಕಡುಬಿನ ಜೊತೆ ಹಂದಿ ಸಾರು. ಆ ಖುಷಿ ಏನು ಅಂತ ನನಗೆ ಗೊತ್ತು. ಹಾಗಾಗಿ ನಿಮ್ಮನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದನ್ನೂ ನೋಡಿದ್ದೇನೆ. ಒಮ್ಮೆ ಒಂದು ಹೆಣ್ಣು ಸಾರಗಕ್ಕೆ ಹೊಟ್ಟೆಗೆ ಈಡು ತಗುಲಿ ತಪ್ಪಿಸಿಕೊಂಡಿತು. ಕತ್ತಲಾಯಿತು ಎಂದು ಎಲ್ಲರೂ ಮನೆಗೆ ಬಂದರು. ಮೂರನೇ ದಿನ ದನ ಕಾಯುವ ಹುಡುಗರಿಗೆ ಅದು ಹಳ್ಳದ ಬದಿಯಲ್ಲಿ ಸಿಕ್ಕಿತು. ಇನ್ನೂ ಉಸಿರಾಡುತ್ತಿತ್ತು. ಅವತ್ತು ನನ್ನ ಅಜ್ಜಿ ಊಟ ಮಾಡಲಿಲ್ಲ. ನಿಮ್ಮ ಅಮ್ಮ ಫೋನಿನಲ್ಲಿ ಸುಮ್ಮನಾದರು ಎಂದು ಓದಿದಾಗ ನನಗೆ ಆ ಅಜ್ಜಿಯೇ ಕಣ್ಣಿಗೆ ಬಂದರು.

ಖುಷಿಗೆ ಬೇಟೆಯಾಡುವುದು ತಪ್ಪಾ ಎಂದು ಕೇಳಿದ್ದೀರಿ. ತಿನ್ನುವವನು ತಾನೇ ಕೊಂದು, ತಾನೇ ಸೀಳಿ, ಒಂದು ತುಂಡೂ ಹಾಳುಮಾಡದೆ ತಿಂದರೆ ಅದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗುವುದಿಲ್ಲ. ಅಂಗಡಿಯ ಕೋಳಿ ತಿನ್ನುವ ನಾನು ನಿಮಗೆ ಪಾಪಪುಣ್ಯ ಹೇಳುವುದು ಸರಿಯಲ್ಲ. ಆದರೆ ಆ ಖುಷಿ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಅದಕ್ಕೆ ನೀವಿರುವ ಜಾಗವೇ ಒಳ್ಳೆಯ ಪಾಠ.

ಜಿಂಕೆಯ ಮಾತು ಮೊದಲು. ನೀವು ಹೊಡೆದದ್ದು ಬಿಳಿ ಬಾಲದ ಜಿಂಕೆ ಇರಬೇಕು. 1900ರ ಹೊತ್ತಿಗೆ ಅಮೆರಿಕದಲ್ಲಿ ಅದು ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಮಾರುಕಟ್ಟೆಗೆ ಮಾಂಸ, ಚರ್ಮ ಮಾರಲು ಲೆಕ್ಕವಿಲ್ಲದೆ ಹೊಡೆದಿದ್ದರು. ಆಮೇಲೆ ಕಾಡಿನ ಮಾಂಸ ಮಾರುವುದನ್ನು ನಿಲ್ಲಿಸಿದರು, ಬೇಟೆಗೆ ಇಂಥ ದಿನಗಳಷ್ಟೇ ಎಂದು ಸೀಸನ್ ಮಾಡಿದರು, ಒಬ್ಬನಿಗೆ ಇಷ್ಟೇ ಎಂದು ಕಟ್ಟು ಹಾಕಿದರು. 1937ರಲ್ಲಿ ಬೇಟೆಯ ಬಂದೂಕು, ತೋಟಾಗಳ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೇ ಮೀಸಲಿಡುವ ಕಾನೂನು ಬಂತು. ಈಗ ಟೆಕ್ಸಾಸ್ ಒಂದರಲ್ಲೇ ಸುಮಾರು 50 ಲಕ್ಷ ಜಿಂಕೆಗಳಿವೆ. ನಿಮ್ಮ ಲೈಸೆನ್ಸ್ ಜೊತೆ ಕೊಟ್ಟ ಟ್ಯಾಗ್ ಇದೆಯಲ್ಲ, ಜಿಂಕೆ ಬಿದ್ದ ಕೂಡಲೇ ಕಟ್ಟಬೇಕಾದದ್ದು, ಆ ಚೀಟಿಯ ಹಿಂದೆ ಇಷ್ಟು ದೊಡ್ಡ ಕಥೆಯಿದೆ. ಮುಂದಿನ ವರ್ಷವೂ ಜಿಂಕೆ ಇರಲಿ ಎಂದು ಬೇಟೆಗಾರನಿಗೇ ಆಸೆ ಇತ್ತು. ಆ ಆಸೆ ಜಿಂಕೆಯನ್ನು ಉಳಿಸಿತು.

ಅದೇ ಆಸೆ ಹಂದಿಯ ವಿಷಯದಲ್ಲಿ ಏನು ಮಾಡಿತು ಗೊತ್ತಾ?

ಹಂದಿ ಅಮೆರಿಕದ ಪ್ರಾಣಿಯೇ ಅಲ್ಲ. 1539ರಲ್ಲಿ ಸ್ಪೇನಿನ ಹರ್ನಾಂಡೋ ಡಿ ಸೋಟೊ ಫ್ಲೋರಿಡಾದಲ್ಲಿ ಇಳಿದಾಗ ತನ್ನ ಸೈನ್ಯದ ಊಟಕ್ಕೆಂದು ಹಂದಿಗಳನ್ನು ತಂದಿದ್ದ. ಆಮೇಲೆ ಬಂದವರು ಸಾಕಿದ ಹಂದಿಗಳೂ ಕಾಡು ಸೇರಿದವು. 1930ರ ದಶಕದಲ್ಲಿ ಟೆಕ್ಸಾಸ್‌ನ ಶ್ರೀಮಂತ ರಾಂಚ್‌ನವರು ಶಿಕಾರಿಯ ಮಜಕ್ಕೆಂದೇ ಯುರೋಪಿನ ಕಾಡುಹಂದಿ ತರಿಸಿ ಬಿಟ್ಟರು. ಎರಡೂ ಕೂಡಿ ಬೆರೆತು ಈಗ ಲಕ್ಷಗಟ್ಟಲೆ ಆಗಿವೆ. ಜೋಳ, ಕಡಲೆಕಾಯಿ, ಹುಲ್ಲುಗಾವಲು, ಯಾವುದನ್ನೂ ಬಿಡುವುದಿಲ್ಲ. ಅದಕ್ಕೇ ಅಲ್ಲಿನ ಸರ್ಕಾರ ಎಲ್ಲ ಕಟ್ಟನ್ನೂ ಬಿಚ್ಚಿದೆ. ಸೀಸನ್ ಇಲ್ಲ, ಮಿತಿ ಇಲ್ಲ, ರಾತ್ರಿಯೂ ಹೊಡೆಯಬಹುದು. 2011ರಲ್ಲಿ ಹೆಲಿಕಾಪ್ಟರ್‌ನಿಂದ ಹೊಡೆಯಲೂ ಬಿಟ್ಟರು. 2019ರಿಂದ ಖಾಸಗಿ ಜಮೀನಿನಲ್ಲಿ ಮಾಲೀಕ ಒಪ್ಪಿದರೆ ಲೈಸೆನ್ಸೂ ಬೇಡ.

ಇಷ್ಟಾದರೂ ಹಂದಿ ಕಡಿಮೆಯಾಗಲಿಲ್ಲ.

ಟೆನೆಸಿ ರಾಜ್ಯದ ಕಥೆ ಕೇಳಿ. ಹಂದಿ ಹೆಚ್ಚಾಯಿತೆಂದು 1999ರಲ್ಲಿ ಅಲ್ಲಿ ರಾಜ್ಯಕ್ಕೆಲ್ಲ ಬೇಟೆ ಬಿಟ್ಟರು. ಎಷ್ಟು ಬೇಕಾದರೂ ಹೊಡೆಯಿರಿ ಎಂದರು. ಆಗ ಹಂದಿ ಇದ್ದದ್ದು ಹದಿನೈದು ಜಿಲ್ಲೆಗಳ ಒಳಗೆ. ಸುಮಾರು ಹತ್ತು ವರ್ಷದಲ್ಲಿ ಎಂಬತ್ತರ ಹತ್ತಿರ ಜಿಲ್ಲೆಗಳಿಗೆ ಹರಡಿತು. ನಡೆದುಕೊಂಡು ಹೋಗಿ ಹರಡಿದ್ದಲ್ಲ. ತಮ್ಮೂರಿನಲ್ಲೂ ಶಿಕಾರಿ ಆಗಲಿ ಎಂದು ಜನ ಹಂದಿಗಳನ್ನು ಟ್ರಕ್ಕಿಗೆ ತುಂಬಿ ತಂದು ಕದ್ದು ಬಿಟ್ಟಿದ್ದರು. 2011ರಲ್ಲಿ ಆ ರಾಜ್ಯ ಖುಷಿಯ ಹಂದಿ ಬೇಟೆಯನ್ನು ನಿಲ್ಲಿಸಿತು. ಕನ್ಸಾಸ್ 2006ರಲ್ಲೇ ನಿಲ್ಲಿಸಿತ್ತು. ಕೋವಿಯಿಂದ ಹಂದಿ ಕಡಿಮೆಯಾಗದಿರಲು ಇನ್ನೊಂದು ಕಾರಣವೂ ಇದೆ. ಗುಂಡಿಗೆ ಒಂದು ಹಂದಿ ಬಿದ್ದರೆ ಉಳಿದ ಹಿಂಡು ಚೆಲ್ಲಾಪಿಲ್ಲಿಯಾಗಿ ಪಕ್ಕದ ಜಮೀನು ಸೇರುತ್ತದೆ. ಆಮೇಲೆ ಹಗಲು ಹೊರಗೇ ಬರುವುದಿಲ್ಲ. ದೊಡ್ಡ ಬೇಲಿಯಂಥ ಬೋನು ಕಟ್ಟಿ, ಜೋಳ ಹಾಕಿ ಪಳಗಿಸಿ, ಇಡೀ ಹಿಂಡು ಒಳಗೆ ಬಂದ ಮೇಲೆ ಬಾಗಿಲು ಬೀಳಿಸಿದರೆ ಮಾತ್ರ ಲೆಕ್ಕಕ್ಕೆ ಸಿಗುವಷ್ಟು ಕಡಿಮೆಯಾಗುತ್ತದೆ. ಅದು ಬೇಸರದ ಕೆಲಸ. ವಾರಗಟ್ಟಲೆ ಕಾಯಬೇಕು. ಅದರಲ್ಲಿ ಖುಷಿ ಇಲ್ಲ.

ನಾನು ಹೇಳಬೇಕಾದದ್ದು ಇಲ್ಲಿದೆ. ಗದ್ದೆಯವನಿಗೆ ಹಂದಿ ಕಡಿಮೆಯಾಗಬೇಕು. ಶಿಕಾರಿಯವನಿಗೆ ಮುಂದಿನ ವರ್ಷವೂ ಹಂದಿ ಬೇಕು. ಇಬ್ಬರ ಕೈಯಲ್ಲೂ ಕೋವಿ ಇದೆ ಎಂದ ಮಾತ್ರಕ್ಕೆ ಇಬ್ಬರ ಕೆಲಸವೂ ಒಂದೇ ಆಗುವುದಿಲ್ಲ. ನಿಮ್ಮ ಅಪ್ಪನ ಕಷ್ಟಕ್ಕೆ ಲೈಸೆನ್ಸ್ ಶಿಕಾರಿ ಔಷಧಿ ಎಂದು ನೀವು ಬರೆದದ್ದನ್ನು ನಾನು ಒಪ್ಪದಿರುವುದು ಇದಕ್ಕೇ.

ಸಾರಗದ ಮಾತಿಗೆ ಬರುತ್ತೇನೆ. ಅಲ್ಲಿ ಆಕ್ಸಿಸ್ ಎಂದು ಕರೆಯುವ ಚುಕ್ಕೆ ಜಿಂಕೆ ನಮ್ಮ ಸಾರಗವೇ, ನಿಜ. 1932ರಲ್ಲಿ ಟೆಕ್ಸಾಸ್‌ಗೆ ತಂದು ಬಿಟ್ಟದ್ದು. ಹೊರಗಿನದ್ದು ಎಂಬ ಕಾರಣಕ್ಕೆ ಸೀಸನ್ ಇಲ್ಲ, ಲೈಸೆನ್ಸ್ ಮಾತ್ರ ಬೇಕು. ಅಲ್ಲಿ ಅದನ್ನು ಹಿಡಿಯುವ ಹುಲಿ ಇಲ್ಲ, ಸೀಳುನಾಯಿ ಇಲ್ಲ. ಸ್ಥಳೀಯ ಜಿಂಕೆಯ ಮೇವನ್ನೇ ತಿನ್ನುತ್ತದೆ. ಅದನ್ನು ಹೊಡೆದರೆ ಕಾಡಿಗೆ ನಷ್ಟವಿಲ್ಲ. ನಮ್ಮಲ್ಲಿ ಹಾಗಲ್ಲ. ನಾಗರಹೊಳೆ, ಬಂಡೀಪುರದ ಒಂದು ಹುಲಿಗೆ ಹೆಚ್ಚುಕಡಿಮೆ ವಾರಕ್ಕೊಂದು ದೊಡ್ಡ ಪ್ರಾಣಿ ಬೇಕು. ಅದರ ಊಟವೇ ಸಾರಗ, ಕಡವೆ, ಕಾಡುಹಂದಿ. ನಾವು ಆ ತಟ್ಟೆಯಿಂದ ತೆಗೆದರೆ ಚಿರತೆ, ಹುಲಿ ಕೊಟ್ಟಿಗೆಗೆ ಬರುತ್ತವೆ. ಆಗ ನಿಮ್ಮ ಅಪ್ಪ ಡಬ್ಬ ಬಡಿಯಬೇಕಾದದ್ದು ಹಂದಿಗಲ್ಲ.

ಜಮೀನಿನ ವ್ಯತ್ಯಾಸವೂ ಇದೆ. ಟೆಕ್ಸಾಸ್‌ನಲ್ಲಿ ನೆಲ ಬಹುಪಾಲು ಖಾಸಗಿ. ರಾಂಚ್ ಮಾಲೀಕ ಬೇಟೆಗೆ ಬಾಡಿಗೆ ತೆಗೆದುಕೊಳ್ಳುತ್ತಾನೆ. ಹಾಗಾಗಿ ತನ್ನ ಜಿಂಕೆಗಳನ್ನು ತಾನೇ ಕಾಯುತ್ತಾನೆ. ನಮ್ಮ ಕಾಡು ಸರ್ಕಾರದ್ದು, ಅದೂ ತೋಟಗಳ ನಡುವೆ ಸಿಕ್ಕಿಕೊಂಡ ತುಂಡು ತುಂಡು ಕಾಡು. ಇಲ್ಲಿ ಶಿಕಾರಿ ಬಿಟ್ಟರೆ ಯಾರು ಎಣಿಸುವವರು? ಈಗಲೇ ಹಂದಿಗೆಂದು ಬೈಕಿನ ಕ್ಲಚ್ ವೈರಿನ ಉರುಳು ಹಾಕುತ್ತಾರೆ. ಅದಕ್ಕೆ ಸಿಕ್ಕಿ ಚಿರತೆಗಳು ಸೊಂಟ ಕತ್ತರಿಸಿ ಸಾಯುತ್ತವೆ. ಹಣ್ಣಿನೊಳಗೆ ಸಿಡಿಮದ್ದು ಇಡುತ್ತಾರೆ. ಅದನ್ನು ದನವೂ ಕಚ್ಚುತ್ತದೆ. 2020ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಬಸುರಿ ಆನೆಯೊಂದು ಬಾಯಿ ಸಿಡಿದು, ಹೊಳೆಯಲ್ಲಿ ನಿಂತು ಸತ್ತದ್ದು ನಿಮಗೂ ನೆನಪಿರಬೇಕು. ಅದನ್ನು ಬರೆಯುವಾಗ ಇವತ್ತಿಗೂ ನನ್ನ ಕೈ ನಡುಗುತ್ತದೆ.

ಹಾಗೆಂದು ನಿಮ್ಮ ಅಪ್ಪ ಸುಮ್ನೆ ನೋಡುತ್ತಾ ಕೂರಬೇಕು ಎಂದು ನಾನು ಹೇಳುವುದಿಲ್ಲ. ಒಂದು ರಾತ್ರಿಯಲ್ಲಿ ಹಿಂಡು ಹಂದಿ ಗದ್ದೆಯನ್ನು ಉತ್ತು ಹಾಕಿದ್ದನ್ನು ನೋಡಿದವನಿಗೆ ಆ ಸಂಕಟ ಗೊತ್ತು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಒಂದು ದಾರಿ ಇದೆ. ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲು ಅಧಿಕಾರ ಇರುವವರು ಲಿಖಿತ ಅನುಮತಿ ಕೊಡಬಹುದು. ಕೇರಳ 2022ರಲ್ಲಿ ಈ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರವರೆಗೂ ಇಳಿಸಿತು. ಕೋವಿ ಲೈಸೆನ್ಸ್ ಇದ್ದವರಿಂದ ಹೊಡೆಸಿ, ಹಂದಿಯನ್ನು ಹೂಳಬೇಕು, ತಿನ್ನುವಂತಿಲ್ಲ. ಮಾಂಸ ಹಾಳಾಯಿತಲ್ಲ ಎಂದು ನಿಮಗೆ ಅನಿಸಬಹುದು, ನನಗೂ ಅನಿಸಿತ್ತು. ಆದರೆ ಮಾಂಸ ಸಿಗುವುದಾದರೆ ಗದ್ದೆ ಇಲ್ಲದವನೂ ಅರ್ಜಿ ಹಾಕುತ್ತಾನೆ ಅಲ್ವಾ? ನಮ್ಮಲ್ಲೂ ಅನುಮತಿ ಬೇಗ, ಹಳ್ಳಿಯ ಹತ್ತಿರವೇ ಸಿಗುವಂತಾಗಬೇಕು. ಇದನ್ನು ಈ ಪತ್ರಿಕೆ ಮುಂದೆಯೂ ಕೇಳುತ್ತಲೇ ಇರುತ್ತದೆ. ಅಲ್ಲಿಯವರೆಗೆ ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿಸಿ. ಹಾಳಾದ ಗದ್ದೆಯ ಫೋಟೋ ಅವತ್ತೇ ತೆಗೆದಿಡಲು ಅಪ್ಪನಿಗೆ ಹೇಳಿ.

ಕೊನೆಗೆ ನಿಮ್ಮ ಬಗ್ಗೆ ಎರಡು ಮಾತು, ದಯವಿಟ್ಟು ಗಮನವಿಟ್ಟು ಓದಿ. ಎಚ್-1ಬಿ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ಕೈಯಲ್ಲಿದ್ದರೆ ಅದಕ್ಕೆ ವಿನಾಯಿತಿ ಇದೆ. ಟೆಕ್ಸಾಸ್‌ನಲ್ಲಿ ಹಂದಿಗೆ ಲೈಸೆನ್ಸ್ ಬೇಡ ಎಂದು ಗೆಳೆಯ ಹೇಳಿದ್ದರೆ ಅದು ಅವನಿಗೆ ಸರಿ, ನಿಮಗೆ ಸರಿಯಲ್ಲ. ಹಂದಿಗೆ ಮಾತ್ರ ಹೋಗುವ ದಿನವೂ ಲೈಸೆನ್ಸ್ ಇಟ್ಟುಕೊಳ್ಳಿ. ಒಂದು ಚೀಟಿ ಇಲ್ಲದೆ ವೀಸಾ, ಕೆಲಸ ಎಲ್ಲ ಕಳೆದುಕೊಳ್ಳುವುದು ಬೇಡ.

ಎರಡನೆಯದು ಫ್ರೀಜರ್‌ನ ಮಾಂಸ. ಅಲ್ಲಿನ ಕಾಡುಹಂದಿಗಳಲ್ಲಿ ಮನುಷ್ಯರಿಗೂ ಅಂಟುವ ಬ್ರುಸೆಲ್ಲಾ ರೋಗ, ಮಾಂಸದೊಳಗಿನ ಹುಳ ಎರಡೂ ಇರಬಹುದು. ಸೀಳುವಾಗ ಕೈಗೆ ಗ್ಲೌಸ್ ಇರಲಿ. ಒಳಗಿನವರೆಗೂ 71 ಡಿಗ್ರಿ ಸೆಲ್ಸಿಯಸ್ ಆಗುವಷ್ಟು ಬೇಯಿಸಿ. ನಮ್ಮ ಹಂದಿ ಸಾರು ಬೇಯುವ ರೀತಿಗೆ ಅದು ಸುಲಭ. ಗೆಳೆಯ ಅರೆಬೆಂದ ತುಂಡು ಕೊಟ್ಟರೆ ಬೇಡ ಅನ್ನಿ. ಜಿಂಕೆಗಳಲ್ಲಿ ಮಿದುಳನ್ನು ತಿನ್ನುವ ರೋಗವೊಂದು 2012ರಿಂದ ಟೆಕ್ಸಾಸ್‌ನಲ್ಲಿ ಕಾಣಿಸಿಕೊಂಡಿದೆ. ಅದು ಮನುಷ್ಯರಿಗೆ ಬಂದದ್ದು ಗೊತ್ತಾಗಿಲ್ಲ. ಆದರೂ ರೋಗ ಇರುವ ಕಡೆ ಜಿಂಕೆಯನ್ನು ಪರೀಕ್ಷೆ ಮಾಡಿಸಿಯೇ ತಿನ್ನಿ. ಗುಂಡು ಹೊಕ್ಕ ಜಾಗದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯಿರಿ. ಸೀಸದ ಚೂರು ಕಣ್ಣಿಗೆ ಕಾಣುವುದಕ್ಕಿಂತ ದೂರ ಹೋಗಿರುತ್ತದೆ. ಚಿಕ್ಕ ಮಕ್ಕಳಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು.

ಇನ್ನು ಅಮ್ಮನಿಗೆ ಮತ್ತೆ ಫೋನ್ ಮಾಡಿ. ಸಮರ್ಥನೆಯ ಮಾತು ಬೇಡ. ಆ ಜಿಂಕೆ ಎಷ್ಟು ಹೊತ್ತಿನಲ್ಲಿ ಪ್ರಾಣ ಬಿಟ್ಟಿತು, ನೀವು ಹತ್ತಿರ ಹೋದಾಗ ಹೇಗಿತ್ತು, ಅದನ್ನು ಹೇಳಿ. ಅವರು ಕೇಳದೆ ಉಳಿಸಿಕೊಂಡ ಪ್ರಶ್ನೆ ಅದೇ ಇರಬೇಕು ಎಂದು ನನಗನ್ನಿಸುತ್ತದೆ.